ನಿಮ್ಮಕ್ಕನ ಗಿಡ

ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಕೂತು ಅವಳು ಇಷ್ಟು ವರ್ಷದ ಭಾನುವಾರಗಳನ್ನೆಲ್ಲ ಫೋನಿಗೆ ಕಿವಿ ಕೊಟ್ಟೇ ಕಳೆದಿದ್ದಳು. ಜನ ಮನೆಯಲ್ಲಿರುವ ದಿನವೇ ನಲ್ಲಿ ಕೈಕೊಡುವುದು, ಪೈಪು ಒಡೆಯುವುದು. "ಯಾವ ಬೀದಿ? ಯಾವತ್ತಿಂದ? ನೀರು ಬರ್ತಾನೇ ಇಲ್ವಾ, ಸಣ್ಣಗೆ ಬರ್ತಿದೆಯಾ?" ಎಂದು ಕೇಳಿ ಕೇಳಿ ಮನೆಯಲ್ಲೂ ಅವಳಿಗೆ ಅದೇ ಧಾಟಿ ಅಂಟಿಕೊಂಡಿತ್ತು. ಮಗಳು ಚಿಕ್ಕವಳಿದ್ದಾಗ ಹೊಟ್ಟೆನೋವು ಎಂದರೆ, "ಯಾವತ್ತಿಂದ? ಪೂರ್ತಿನಾ, ಸ್ವಲ್ಪನಾ?" ಎಂದು ಕೇಳಿ ಆಮೇಲೆ ಎತ್ತಿಕೊಳ್ಳುತ್ತಿದ್ದಳು. ಈಗ ಹೊಸ ಮೇಲಧಿಕಾರಿ ಬಂದು ಎಲ್ಲರ ಪಾಳಿ ಬದಲಿಸಿದ್ದರಿಂದ, ಮದುವೆಯಾದ ಮೇಲೆ ಮೊದಲ ಬಾರಿಗೆ ಅವಳಿಗೆ ಭಾನುವಾರ ವಾರದ ರಜೆಯಾಗಿ ಸಿಕ್ಕಿತು.

ಗಂಡ ಲಿಫ್ಟ್ ರಿಪೇರಿ ಮಾಡುವವನು. ದೊಡ್ಡ ದೊಡ್ಡ ಕಟ್ಟಡಗಳ ಲಿಫ್ಟಿನ ಗುಂಡಿಗೆ ಇಳಿದು ದಿನವಿಡೀ ಉಕ್ಕಿನ ಹಗ್ಗ, ಗಾಲಿ, ಗ್ರೀಸಿನ ಜೊತೆ ಹೆಣಗುವವನಾದ್ದರಿಂದ ಜೊತೆಯವರು ಅವನಿಗೆ ಪಾತಾಳ ಎಂದು ಅಡ್ಡಹೆಸರು ಇಟ್ಟಿದ್ದರು. ಹೆಸರು ಕೆಲಸಕ್ಕಿಂತ ಸ್ವಭಾವಕ್ಕೇ ಹೆಚ್ಚು ಒಪ್ಪುತ್ತಿತ್ತು. ಏನು ಕೇಳಿದರೂ ಉತ್ತರ ಎಲ್ಲೋ ತಳದಿಂದ ನಿಧಾನಕ್ಕೆ ಮೇಲೆ ಬರಬೇಕು. ಬಂದರೂ ಅದರಲ್ಲಿ ಕೂತಿರುವುದು ಒಂದೇ ಒಂದು ಮಾತು: "ಹೂಂ", ಇಲ್ಲವೇ "ನೋಡೋಣ". ಇಂಥವನಿಗೂ ಒಂದು ಗೀಳಿತ್ತು. ಏಳೆಂಟು ವರ್ಷದಿಂದ ಭಾನುವಾರ ಬೆಳಗಾಯಿತೆಂದರೆ ಸೈಕಲ್ ಹತ್ತಿ ಊರಾಚೆ ಹೊರಟುಬಿಡುತ್ತಿದ್ದ. ಸಂಜೆ ಬರುವಾಗ ಚೀಲದಲ್ಲಿ ಒಂದು ದಪ್ಪ ಬ್ರೆಡ್ಡು, ಒಮ್ಮೊಮ್ಮೆ ಒಂದು ಬಾಟಲಿ ಜೇನುತುಪ್ಪ. "ಎಲ್ಲಿಗೆ ಹೋಗಿದ್ರಿ?" ಎಂದರೆ, "ಹೀಗೇ, ಕಾಲುವೆ ಕಡೆ." ಅಲ್ಲಿಗೆ ಮಾತು ಮುಗಿಯಿತು.

"ಈ ಭಾನುವಾರ ನಾನೂ ಬರ್ತೀನಿ," ಎಂದಳು ಅವಳು. ಮಗಳು ದೂರದ ಊರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿ ಸೇರಿದ ಮೇಲೆ ಅವಳ ಸೈಕಲ್ಲು ಬಾಲ್ಕನಿಯಲ್ಲಿ ಒದ್ದೆ ಬಟ್ಟೆ ನೇತುಹಾಕುವುದಕ್ಕಷ್ಟೇ ಉಪಯೋಗಕ್ಕೆ ಬರುತ್ತಿತ್ತು.

ಗಂಡನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. "ದೂರ ಇದೆ," ಎಂದ.

"ಎಷ್ಟು ದೂರ?"

"ಏರು ಬೇರೆ ಇದೆ."

"ಏರಿದ್ರೆ ಇಳಿದು ತಳ್ಳಿದ್ರಾಯ್ತು."

"ಬಿಸಿಲು..."

"ನೀವು ಹೋಗೋವಾಗ ಇಲ್ಲದ ಬಿಸಿಲು ನಾನು ಬರ್ತೀನಿ ಅಂದ ತಕ್ಷಣ ಎಲ್ಲಿಂದ ಬಂತು?"

ಅವನು ಮಗಳ ಸೈಕಲ್ಲಿನ ಟೈರಿಗೆ ಗಾಳಿ ಹಾಕಲು ಬಾಲ್ಕನಿಗೆ ಹೋದ. ಗಾಳಿ ಹಾಕುವ ಸದ್ದು ಬೇಕಾದ್ದಕ್ಕಿಂತ ಬಹಳ ಹೊತ್ತು ಕೇಳಿಸಿತು.

ಊರ ಕೊನೆಯ ಮನೆಗಳು ಹಿಂದಾಗಿ ಕಾಲುವೆಯ ದಂಡೆ ಹಿಡಿದಾಗ ಅವಳಿಗೆ ಆಶ್ಚರ್ಯವೋ ಆಶ್ಚರ್ಯ. ದಿನವೂ ತಾನು ಫೋನಿನಲ್ಲಿ ಯಾವ ನೀರಿನ ಪರವಾಗಿ ಬೈಸಿಕೊಳ್ಳುತ್ತಿದ್ದಳೋ ಆ ನೀರು ಇಲ್ಲಿ ಯಾರ ಹಂಗೂ ಇಲ್ಲದೆ, ಅಗಲವಾಗಿ, ಹಸಿರಾಗಿ ಹರಿಯುತ್ತಿತ್ತು. ಒಂದು ಬದಿಗೆ ಸೂರ್ಯಕಾಂತಿ ಹೊಲ, ಇನ್ನೊಂದು ಬದಿಗೆ ಸಾಲುಮರ. ಮೊದಮೊದಲು ಹ್ಯಾಂಡಲ್ಲು ಅತ್ತಿತ್ತ ವಾಲಾಡಿ ಜೀವ ಬಾಯಿಗೆ ಬಂದರೂ ಸ್ವಲ್ಪ ಹೊತ್ತಿಗೆ ಕಾಲು ತಾನಾಗಿ ತಾಳ ಹಿಡಿಯಿತು. ಗಾಳಿ ಕಿವಿಯ ಪಕ್ಕ ಹಾದುಹೋಗುವಾಗ, ಯಾರೂ ಯಾವ ದೂರೂ ಹೇಳದ ಸದ್ದು ಇಷ್ಟು ಚೆನ್ನಾಗಿರುತ್ತದೆಯೇ ಎನ್ನಿಸಿತು. ಮುಂದೆ ಹೋಗುತ್ತಿದ್ದ ಗಂಡ ಮಾತ್ರ ಪದೇ ಪದೇ ಹಿಂದೆ ತಿರುಗಿ ನೋಡುತ್ತಿದ್ದ. ತನ್ನ ಮೇಲಿನ ಕಾಳಜಿ ಎಂದುಕೊಂಡಳು.

ಕಾಲುವೆಯ ತೂಬಿನ ಪಕ್ಕ ತಗಡಿನ ಮಾಡಿನ ಒಂದು ಚಹಾದಂಗಡಿ. ಗಂಡ ಅದನ್ನು ದಾಟಿ ಹೋಗಿಬಿಡುವ ಅಂದಾಜಿನಲ್ಲಿದ್ದ. ಆದರೆ ಒಳಗಿಂದಲೇ ಅಂಗಡಿಯವನು, "ಏನ್ ಸ್ವಾಮೀ, ಇವತ್ತು ನಿಲ್ಲೋದಿಲ್ವಾ?" ಎಂದು ಕೂಗಿದ. ನಿಲ್ಲಲೇಬೇಕಾಯಿತು.

ಅಂಗಡಿಯವನು ದಪ್ಪ ಮೀಸೆಯ, ಹಾಲು ಉಕ್ಕುವ ಮೊದಲೇ ತಾನು ಉಕ್ಕುವಂಥ ಮನುಷ್ಯ. ಅವಳನ್ನು ನೋಡಿದವನೇ ಕೈಯಲ್ಲಿದ್ದ ಸೌಟು ಕೆಳಗಿಟ್ಟ. ಗಂಡನ ಮುಖ ನೋಡಿದ, ಮತ್ತೆ ಅವಳ ಮುಖ ನೋಡಿದ. "ಹಾಂ! ಕೊನೆಗೂ ಕರ್ಕೊಂಡು ಬಂದ್ರಲ್ಲ! ಇವರೇನಾ ಹೊಸಬ್ರು?"

"ಹೂಂ, ಇವತ್ತೇ ಮೊದಲ ಸಲ," ಎಂದಳು ಅವಳು ನಗುತ್ತ. ಸೈಕಲ್ಲಿಗೆ ಹೊಸಬಳು ಎಂಬುದು ಮುಖದ ಮೇಲಿನ ಬೆವರಿನಲ್ಲೇ ಗೊತ್ತಾಗುತ್ತಿತ್ತಲ್ಲ.

"ಕೂತ್ಕೊಳ್ಳಿ ಅಮ್ಮಾ, ಕೂತ್ಕೊಳ್ಳಿ." ಅವನು ಬೆಂಚನ್ನು ಹೆಗಲ ಮೇಲಿನ ಬಟ್ಟೆಯಿಂದ ಎರಡೆರಡು ಸಲ ಒರೆಸಿದ. ಶುಂಠಿ ಜಜ್ಜಿ ಹಾಕಿದ ಚಹಾ ಕೊಟ್ಟ, ಜೊತೆಗೆ ಸುಟ್ಟ ಜೋಳದ ತೆನೆ ಕೊಟ್ಟ. ಗಂಡ ಕೈ ತೊಳೆಯಲು ತೂಬಿನ ಕಡೆ ಹೋದದ್ದೇ ತಡ, ಅವಳ ಹತ್ತಿರ ಬಗ್ಗಿ ದನಿ ಇಳಿಸಿ ಹೇಳಿದ: "ಚೆನ್ನಾಗಿ ನೋಡ್ಕೊಳ್ಳಿ ಅಮ್ಮಾ. ಪಾಪ, ತುಂಬಾ ಅನುಭವಿಸಿದಾರೆ. ಆ ವರ್ಷ ಇಲ್ಲಿ ಕೂತು ಚಹಾ ಕುಡಿಯೋರು, ಲೋಟ ಖಾಲಿಯಾಗಿದ್ದೂ ಗೊತ್ತಾಗ್ತಿರ್ಲಿಲ್ಲ, ಖಾಲಿ ಲೋಟಾನೇ ಎತ್ತಿ ಎತ್ತಿ ಬಾಯಿಗಿಡೋರು."

"ಯಾವ ವರ್ಷ?" ಎಂದಳು ಅವಳು.

ಅಷ್ಟರಲ್ಲಿ ಗಂಡ ಒದ್ದೆ ಕೈ ಕೊಡವುತ್ತ ಬಂದ. ಅಂಗಡಿಯವನು ಏನೂ ಆಗಿಲ್ಲವೆಂಬಂತೆ ಹಾಲಿನ ಪಾತ್ರೆಗೆ ಮುಖ ತಿರುಗಿಸಿದ.

ಮತ್ತೆ ಸೈಕಲ್ ಹತ್ತಿದ ಮೇಲೆ ಅವಳು ಕೇಳಿದಳು: "ರೀ, ಏನು ಅನುಭವಿಸಿದೀರಿ ನೀವು?"

"ಏನು?"

"ತುಂಬಾ ಅನುಭವಿಸಿದೀರಂತೆ. ಅವನು ಹೇಳಿದ."

"ಅವನಿಗೆ ಬಾಯಿ ಜಾಸ್ತಿ," ಎಂದು ಗಂಡ ಪೆಡಲ್ ಒತ್ತಿ ಮುಂದೆ ಹೋಗಿಬಿಟ್ಟ.

ಕಾಲುವೆ ಬಿಟ್ಟು ದಾರಿ ಗುಡ್ಡದ ಕಡೆ ತಿರುಗಿತು. ಕುರಿಗಳು ರಸ್ತೆಗೇ ಅಡ್ಡ ನಿಂತು ಇವರನ್ನು ವಿಚಾರಿಸಿಕೊಂಡು ಆಮೇಲೆ ದಾರಿ ಬಿಟ್ಟವು. ಅವಳು ಇಳಿದು ಸೈಕಲ್ ತಳ್ಳುತ್ತ ಲೆಕ್ಕ ಹಾಕಿದಳು. ಅವನಿಗೆ ಕಾಯಿಲೆ ಏನಾದರೂ ಇದ್ದಿತೇ? ತನಗೆ ಹೇಳದೆ ಆಸ್ಪತ್ರೆಗೆ ಅಲೆದಿದ್ದನೇ? ಕೆಲಸದಲ್ಲಿ ಏನಾದರೂ ಅವಘಡ? ಒಂದಕ್ಕೂ ತಲೆಬುಡ ಸಿಗಲಿಲ್ಲ. ಏರಿನ ತುದಿಯಲ್ಲಿ ಅವನು ನೆರಳಿನಲ್ಲಿ ಕಾಯುತ್ತ ನಿಂತಿದ್ದ. ಕೇಳಬೇಕೆಂದರೆ ಅವಳಿಗೆ ಉಸಿರೇ ಇರಲಿಲ್ಲ.

ಗುಡ್ಡದ ಆ ಮಗ್ಗುಲಲ್ಲಿ ಕಲ್ಲಿನ ಒಲೆಯ ಒಂದು ಬ್ರೆಡ್ ಮನೆ. ಮನೆಯ ಮುಂದೆಯೇ ಉದ್ದನೆಯ ಮೇಜು, ಹಾದುಹೋಗುವವರು ಕೂತು ಬಿಸಿ ಬ್ರೆಡ್ಡಿಗೆ ಬೆಣ್ಣೆ ಸವರಿಕೊಂಡು ತಿನ್ನಬಹುದು. ಬ್ರೆಡ್ ಮಾಡುವಾಕೆ ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡೇ ಹೊರಗೆ ಬಂದಳು. ಚಹಾದವನಷ್ಟು ಉಕ್ಕುವವಳಲ್ಲ. ಅವಳನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ಅಳೆದು, "ಬನ್ನಿ" ಎಂದಳು, ಅಷ್ಟೇ. ಗಂಡ, "ಸೈಕಲ್ ಚೈನು ಬಿದ್ದಿದೆ, ನೋಡ್ತೀನಿ," ಎಂದು ದೂರ ಹೋಗಿ ಕುಕ್ಕರುಗಾಲಲ್ಲಿ ಕೂತ. ಚೈನು ಎಲ್ಲಿರಬೇಕೋ ಅಲ್ಲೇ ಇರುವುದು ಅವಳಿಗೆ ಇಲ್ಲಿಂದಲೇ ಕಾಣುತ್ತಿತ್ತು.

ಬ್ರೆಡ್ಡೇನೋ ಬಾಯಲ್ಲಿಟ್ಟರೆ ಕರಗುವಂತಿತ್ತು. ಹೊರಗೆ ಗರಿಗರಿ, ಒಳಗೆ ಹತ್ತಿ. ಅವಳು ಎರಡನೆಯ ತುಂಡಿಗೆ ಕೈ ಹಾಕುವಾಗ ಬ್ರೆಡ್ಡಿನಾಕೆ ಎದುರಿಗೆ ಕೂತಳು.

"ಮನೇಲಿ ಎಲ್ಲಾ ಹೊಂದ್ಕೊಂಡ್ರಾ?"

"ಹಾಂ, ಹೂಂ," ಎಂದಳು ಅವಳು. ಇಷ್ಟು ವರ್ಷವಾದ ಮೇಲೆ ಇದೆಂಥ ಪ್ರಶ್ನೆ?

"ಕಷ್ಟ ಇರುತ್ತೆ. ನಿಮ್ಮಕ್ಕ ಇದ್ದ ಮನೆ ಅದು. ಎಲ್ಲಿ ಕೈ ಇಟ್ರೂ ಅವ್ರು ಇಟ್ಟಿದ್ದೇ ಇರುತ್ತೆ."

"ನಮ್ಮಕ್ಕನಾ?"

"ನಿಮ್ಮಕ್ಕನ ಬಗ್ಗೆ ಯಾರೂ ಕೆಟ್ಟದ್ದು ಹೇಳಿದ್ದು ಕೇಳಿಲ್ಲ ನಾನು. ಪಾಪ ನಿಮ್ಮೆಜಮಾನ್ರು ಈಗ್ಲೂ ಅವ್ರ ಹೆಸರೆತ್ತಿದ್ರೆ ಬೇರೆ ಕಡೆ ನೋಡ್ತಾರೆ. ನೀವು ಮನಸ್ಸಿಗೆ ಹಚ್ಕೋಬೇಡಿ. ಅವ್ರ ಜಾಗ ಅವ್ರಿಗೆ, ನಿಮ್ಮ ಜಾಗ ನಿಮಗೆ."

ಅವಳ ಬಾಯಲ್ಲಿದ್ದ ಬ್ರೆಡ್ಡು ಅತ್ತಲೂ ಹೋಗದೆ ಇತ್ತಲೂ ಬರದೆ ಅಲ್ಲೇ ನಿಂತಿತು. ಅವಳಿಗೆ ಇದ್ದದ್ದು ಒಬ್ಬಳೇ ಅಕ್ಕ, ಈ ದಾರಿಯಲ್ಲೇ ಇನ್ನೂ ಮುಂದಕ್ಕೆ ಹೋದರೆ ಸಿಗುವ ಪೇಟೆಯಲ್ಲಿ ಕುರ್ಚಿ-ಮೇಜು ಬಾಡಿಗೆಗೆ ಕೊಡುವ ಅಂಗಡಿ ಇಟ್ಟುಕೊಂಡವಳು. ನಿನ್ನೆ ತಾನೇ ಫೋನು ಮಾಡಿ ಕುಕ್ಕರಿನ ರಬ್ಬರು ಎಲ್ಲಿ ಸಿಗುತ್ತದೆಂದು ಅರ್ಧ ಗಂಟೆ ತಲೆ ತಿಂದಿದ್ದಳು. ಅಕ್ಕನಿಗೂ ತನ್ನ ಗಂಡನಿಗೂ ಮೊದಲಿಂದ ಎಣ್ಣೆ ಸೀಗೆಕಾಯಿ. "ನಿನ್ನ ಗಂಡ ಮಾತಾಡಲ್ಲ ಅಂತಲ್ಲ ಕಣೇ, ನಾವು ಕೇಳೋಕೆ ಯೋಗ್ಯರಲ್ಲ ಅಂತ ಅವನ ಲೆಕ್ಕ," ಎನ್ನುವವಳು. ಆ ಅಕ್ಕನ ಹೆಸರೆತ್ತಿದರೆ ಇವನು ಬೇರೆ ಕಡೆ ನೋಡುತ್ತಾನಂತೆ! ಅಕ್ಕ 'ಇದ್ದ ಮನೆ'ಯಂತೆ!

ಭಾನುವಾರ ಭಾನುವಾರ ಈ ದಾರಿ. ಈ ದಾರಿಯ ಕೊನೆಗೆ ಅಕ್ಕನ ಪೇಟೆ. ಛೀ ಛೀ ಎಂದುಕೊಂಡಳು. ಅಕ್ಕನಾ? ಇವನಾ? ಇಬ್ಬರೂ ಒಂದೇ ಕೋಣೆಯಲ್ಲಿ ಕೂತರೆ ಗಡಿಯಾರ ಕೂಡ ಮುಜುಗರಪಟ್ಟುಕೊಳ್ಳುತ್ತಿತ್ತು. ಆದರೂ ಹೇಳಲಾಗುವುದಿಲ್ಲ. ದೂರು ವಿಭಾಗದಲ್ಲಿ ಕೂತವಳಿಗೆ ಇಷ್ಟಂತೂ ಗೊತ್ತಿತ್ತು: ಪೈಪು ಎಲ್ಲಿ ಒಡೆದಿದೆಯೋ ಅಲ್ಲಿ ನೀರು ಕಾಣಿಸುವುದಿಲ್ಲ, ಇನ್ನೆಲ್ಲೋ ದೂರದ ಗೋಡೆಯಲ್ಲಿ ತೇವ ಕಾಣಿಸಿಕೊಳ್ಳುತ್ತದೆ.

"ನಮ್ಮಕ್ಕನ್ನ ನೀವು ನೋಡಿದೀರಾ?" ಎಂದಳು, ದನಿ ಆದಷ್ಟು ಹಗುರ ಮಾಡಿಕೊಂಡು.

"ಅಯ್ಯೋ, ನಾನೆಲ್ಲಿ ನೋಡ್ಲಿ? ಎಲ್ಲಾ ಹೊಳೆ ಹತ್ರ ಜೇನು ಸಾಕೋ ನಮ್ಮ ಜೇನಜ್ಜಿ ಹೇಳಿದ್ದು. ಅವರ ಹತ್ರ ನಿಮ್ಮೆಜಮಾನ್ರು ಏನೂ ಮುಚ್ಚಿಟ್ಟಿಲ್ಲ. ಅಲ್ಲಿಗೇ ಹೋಗ್ತಿದೀರಲ್ಲ, ನೋಡ್ತೀರಿ ಬಿಡಿ."

ಇಳಿಜಾರಿನಲ್ಲಿ ಅವಳು ಬ್ರೇಕನ್ನೇ ಹಿಡಿಯಲಿಲ್ಲ. ಗಂಡನನ್ನು ಹಿಂದೆ ಹಾಕಿ, ಮುಂದೆ ಹೋಗಿ, ದಾರಿ ಗೊತ್ತಿಲ್ಲದೆ ಕವಲಿನಲ್ಲಿ ನಿಂತು, ಅವನು ಬಂದಮೇಲೆ ಮತ್ತೆ ಅವನ ಹಿಂದೆಯೇ ಹೋಗಬೇಕಾಯಿತು. ಸಿಟ್ಟು ಮಾಡಿಕೊಂಡವರಿಗೆ ಇದಕ್ಕಿಂತ ಅವಮಾನ ಇನ್ನೊಂದಿಲ್ಲ. ಕಣಿವೆಯಲ್ಲಿ ಹೊಳೆ ಹರಿಯುತ್ತಿತ್ತು, ದಂಡೆಯುದ್ದಕ್ಕೂ ನೇರಳೆ ಬಣ್ಣದ ಹೂವು ಚೆಲ್ಲಿತ್ತು. ಅವಳು ಒಂದನ್ನೂ ನೋಡಲಿಲ್ಲ.

"ರೀ," ಎಂದಳು ಹಿಂದಿನಿಂದ. "ನಮ್ಮಕ್ಕನ್ನ ಯಾವಾಗ ನೋಡಿದ್ರಿ ನೀವು?"

"ಮಗಳಿಗೆ ಕೆಲಸ ಸಿಕ್ಕಿದಾಗ ಬಂದಿದ್ರಲ್ಲ, ಆಗ."

"ಅದಕ್ಕಿಂತ ಈಚೆಗೆ?"

"ಇಲ್ಲಪ್ಪ. ಯಾಕೆ?" ಅವನ ಮುಖದಲ್ಲಿ ನಿಜವಾದ ದಿಗಿಲಿತ್ತು. ಆ ದಿಗಿಲು ಯಾವುದಕ್ಕೆ ಎಂಬುದೇ ಅವಳಿಗೆ ತಿಳಿಯಲಿಲ್ಲ. ಅವನು ಸೈಕಲ್ ನಿಲ್ಲಿಸಿ ಒಂದು ಕಾಲು ನೆಲಕ್ಕೂರಿದ. "ಒಂದು ಮಾತು. ಜೇನಜ್ಜಿ ಮನೇಲಿ ಏನಾದ್ರೂ ಅಂದ್ರೆ... ನೀನು ಸುಮ್ನೆ ಹೂಂ ಅನ್ನು. ಆಮೇಲೆ ಹೇಳ್ತೀನಿ."

"ಏನನ್ನ ಹೇಳ್ತೀರಿ?"

"ಆಮೇಲೆ."

ಜೇನಜ್ಜಿಯ ಮನೆ ಹೊಳೆಯ ಪಕ್ಕದ ತೋಪಿನಲ್ಲಿತ್ತು. ಮರಗಳ ಕೆಳಗೆ ಬಣ್ಣ ಬಳಿದ ಜೇನುಪೆಟ್ಟಿಗೆಗಳು ಸಾಲಾಗಿ ಕೂತಿದ್ದವು. ಅಜ್ಜಿ ಸಣಕಲು ಮೈಯವಳು. ಬಿಳಿ ಕೂದಲನ್ನು ಗಂಡಸರಂತೆ ಕತ್ತರಿಸಿಕೊಂಡಿದ್ದಳು. ಗಂಡನನ್ನು ಕಂಡವಳೇ "ಬಂದ್ಯಾ ಮಗನೇ" ಎಂದಳು. ಆಮೇಲೆ ಅವಳನ್ನು ನೋಡಿ, ಹತ್ತಿರ ಬಂದು ಎರಡೂ ಕೈಯಲ್ಲಿ ಅವಳ ಮುಖ ಹಿಡಿದುಕೊಂಡಳು. ಅಂಗೈಯಿಂದ ಮೇಣದ ವಾಸನೆ ಬರುತ್ತಿತ್ತು.

"ಎಷ್ಟು ವರ್ಷದಿಂದ ಹೇಳ್ತಿದ್ದೆ ಇವನಿಗೆ, ಕರ್ಕೊಂಡು ಬಾ, ಕರ್ಕೊಂಡು ಬಾ ಅಂತ. ನಾಚಿಕೆ ಇವನಿಗೆ. ಬಾರಮ್ಮಾ."

ಜೇನು ಮತ್ತು ನಿಂಬೆ ಬೆರೆಸಿದ ತಣ್ಣನೆಯ ನೀರು ಬಂತು. ಅವಳು ಗಟಗಟ ಕುಡಿದಳು. ಬಾಯಾರಿಕೆಗೆ ಸಿಟ್ಟೆಂದರೆ ಏನು ಗೊತ್ತು? "ಈ ನಿಂಬೆ ಯಾವ ಗಿಡದ್ದು ಗೊತ್ತಾ?" ಎಂದಳು ಅಜ್ಜಿ. "ಬಾ, ತೋರಿಸ್ತೀನಿ."

ಗಂಡ ಏಳಲು ಹೋದ. "ನೀನು ಕೂತಿರು," ಎಂದು ಅಜ್ಜಿ ಗದರಿಸಿದಳು. ಅವನು ಕೂತ.

ಮನೆಯ ಹಿಂದೆ, ಹೊಳೆ ಕಾಣುವ ಜಾಗದಲ್ಲಿ, ಆಳೆತ್ತರ ಮೀರಿದ ಒಂದು ನಿಂಬೆ ಗಿಡ. ಬುಡಕ್ಕೆ ಸುತ್ತಲೂ ಕಲ್ಲಿಟ್ಟು ಪಾತಿ ಮಾಡಿತ್ತು. ಜೇನ್ನೊಣಗಳು ಹೂವಿನ ಸುತ್ತ ಗುಂಯ್‌ಗುಡುತ್ತಿದ್ದವು.

"ಇದು ನಿಮ್ಮಕ್ಕನ ಗಿಡ," ಎಂದಳು ಅಜ್ಜಿ. "ಅವಳು ತೀರ್ಕೊಂಡ ವರ್ಷ ನಾನೇ ನೆಟ್ಟಿದ್ದು."

"ತೀರ್ಕೊಂಡ..." ಅವಳು ಕಣ್ಣು ಕಣ್ಣು ಬಿಟ್ಟಳು. ನಿನ್ನೆ ಫೋನಿನಲ್ಲಿ ಕುಕ್ಕರಿನ ರಬ್ಬರು ಕೇಳಿದವಳು ಯಾರು ಹಾಗಾದರೆ?

"ನಿನಗೆ ಬೇಜಾರಾಗ್ಬಾರ್ದು. ಮೊದಲ ಹೆಂಡ್ತಿನ ಮರೀದೇ ಇರೋ ಗಂಡಸು ಎರಡನೆಯವಳ್ನೂ ಕೈ ಬಿಡಲ್ಲ. ಇಲ್ಲೇ, ಈ ಕಲ್ಲಿನ ಮೇಲೆ ಕೂತು ಹೇಳೋನು. ಅವಳು ನಗೋವಾಗ ಮೂಗಿನ ಮೇಲೆ ಕೈ ಅಡ್ಡ ಇಟ್ಕೊಳ್ತಿದ್ಲಂತೆ. ಹೊಟ್ಟೆನೋವು ಅಂದ ಮಗೂಗೆ ಯಾವತ್ತಿಂದ ಅಂತ ಕೇಳ್ತಿದ್ಲಂತೆ! ನಿದ್ದೇಲಿ ಕೂಡ ಯಾವ ಬೀದಿ, ಯಾವ ಬೀದಿ ಅಂತ ಕನವರಿಸ್ತಿದ್ಲಂತೆ. ಇವನು ಮೆಲ್ಲಗೆ ಒಂದು ಬೀದಿ ಹೆಸರು ಹೇಳಿದ್ರೆ ಸುಮ್ನೆ ಮಲಗ್ತಿದ್ಲಂತೆ."

ಅವಳ ಕೈ ತಾನಾಗಿ ಮೂಗಿನ ಕಡೆ ಹೋಗುತ್ತಿತ್ತು. ಅರ್ಧದಲ್ಲೇ ತಡೆದಳು.

ಎಣ್ಣೆ ತೀರಿದ ಹೊಲಿಗೆ ಮಿಷನ್ನಿನ ಹಾಗೆ ತಲೆ ಓಡಲೋ ಬೇಡವೋ ಎಂದು ಕಿರುಗುಟ್ಟಿ, ಕೊನೆಗೆ ಓಡಿತು. ಅಕ್ಕ ಎಂದರೆ ಅಕ್ಕನಲ್ಲ. ಮೊದಲ ಹೆಂಡತಿ. ಮೊದಲ ಹೆಂಡತಿ ಎಂದರೆ ತಾನು. ತಾನು ಸತ್ತಿದ್ದೇನೆ. ಹಾಗಾದರೆ ಇಲ್ಲಿ ನಿಂತಿರುವ ಎರಡನೆಯವಳು?

ಅವಳು ಜೇನುಪೆಟ್ಟಿಗೆಗಳ ಸಾಲಿನಾಚೆ ಗಂಡನನ್ನು ಎಳೆದುಕೊಂಡು ಹೋದಳು. ಅಜ್ಜಿ ಜೇನು ಬಸಿಯಲು ಒಳಗೆ ಹೋಗಿದ್ದಳು.

"ಯಾವತ್ತಿಂದ?" ಎಂದಳು.

ಎಲ್ಲೋ ಕೆಳಗಿನ ಅಂತಸ್ತಿನಿಂದ ಉತ್ತರದ ಲಿಫ್ಟು ನಿಧಾನಕ್ಕೆ ಹೊರಟಿತು.

"ನೀನು ನಿಮ್ಮಕ್ಕನ ಮನೆಗೆ ಹೋಗಿದ್ಯಲ್ಲ, ಆ ವರ್ಷ."

ಆ ವರ್ಷ. ಮಗಳು ನರ್ಸಿಂಗ್ ಓದಲು ಹಾಸ್ಟೆಲ್ಲಿಗೆ ಸೇರಿದ ಮೇಲೆ ಮನೆಯಲ್ಲಿ ಇವರಿಬ್ಬರೇ ಉಳಿದಿದ್ದರು. ಜಗಳವೇನೂ ಆಗಿರಲಿಲ್ಲ. ಜಗಳಕ್ಕೂ ಇಬ್ಬರ ಮಾತು ಬೇಕಲ್ಲ. ಒಂದು ದಿನ ಅವಳು ಕಚೇರಿಗೆ ದೀರ್ಘ ರಜೆ ಬರೆದುಕೊಟ್ಟು, ಎರಡು ಚೀಲ ತುಂಬಿಕೊಂಡು, "ಅಕ್ಕನ ಮನೆಗೆ ಹೋಗ್ತೀನಿ," ಎಂದಿದ್ದಳು. "ಹೂಂ" ಎಂದಿದ್ದ. ಯಾವಾಗ ಬರುತ್ತೀ ಎಂದು ಕೇಳಲಿಲ್ಲ. ಒಂದು ಮಳೆಗಾಲ ಪೂರ್ತಿ ಅವಳು ಅಲ್ಲಿ ಬಾಡಿಗೆ ಕುರ್ಚಿಗಳನ್ನು ಒರೆಸುತ್ತ ಬಾಗಿಲ ಕಡೆ ನೋಡಿದ್ದಳು. ಕರೆಯಲು ಬರಲಿಲ್ಲ. ಕೊನೆಗೆ ರಜೆ ಮುಗಿದು ತಾನೇ ಹಿಂದಿರುಗಿದಾಗ ಅವನು ಬಾಗಿಲು ತೆಗೆದು ಚೀಲ ಒಳಗಿಟ್ಟುಕೊಂಡ, ಅಷ್ಟೇ. ಅಂದಿನಿಂದ ಅವಳ ಮನಸ್ಸಿನಲ್ಲಿ ಒಂದು ಮಾತು ಗಟ್ಟಿಯಾಗಿ ಕೂತಿತ್ತು: ನಾನಿದ್ದರೂ ಇಲ್ಲದಿದ್ದರೂ ಇವನಿಗೆ ಎರಡೂ ಒಂದೇ.

"ನಾನು ಸತ್ತೆ ಅಂತ ಹೇಳಿದ್ರಾ?"

"ಸತ್ತೆ ಅಂತ ಹೇಳಿಲ್ಲ. ಹೋದಳು ಅಂದೆ. ಅಜ್ಜಿ ಅಳೋಕೆ ಶುರು ಮಾಡಿದ್ರು."

"ಅಲ್ಲ ಅಂತ ಹೇಳೋಕೆ ಏನು ರೋಗ?"

"ಅಷ್ಟು ಜೋರಾಗಿ ಅಳ್ತಿದ್ರು. ನಂಗೂ... ಅಳು ಬಂದುಬಿಡ್ತು." ಅವನು ಪೆಟ್ಟಿಗೆಯ ಮೇಲೆ ನಡೆಯುತ್ತಿದ್ದ ಒಂದು ಜೇನ್ನೊಣವನ್ನೇ ನೋಡುತ್ತಿದ್ದ. "ಆಮೇಲೆ ನೀನು ಬಂದೆ. ನಾನು ಹೊಸ ಶರ್ಟ್ ಹಾಕ್ಕೊಂಡು ಬಂದಿದ್ದು ನೋಡಿ, ಮತ್ತೆ ಮದುವೆ ಆದ್ಯಾ ಅಂದ್ರು. ಹೂಂ ಅಂದೆ. ಅದು ಸುಲಭ ಅನ್ನಿಸ್ತು."

ಅವಳಿಗೆ ನಗು ಬರುತ್ತಿದೆಯೋ ಅಳು ಬರುತ್ತಿದೆಯೋ ಗೊತ್ತಾಗಲಿಲ್ಲ. ಕೆನ್ನೆಗೆ ಬಾರಿಸೋಣವೆನ್ನಿಸಿತು. ಆ ಕಲ್ಲಿನ ಮೇಲೆ ಕೂತು ಬೀದಿಯ ಹೆಸರು ಹೇಳಿದ ಆ ಗಂಡಸನ್ನು ಒಮ್ಮೆ ನೋಡಬೇಕು ಅಂತಲೂ ಅನ್ನಿಸಿತು. ಇನ್ನೂ ವಿಚಿತ್ರವೆಂದರೆ, ಸತ್ತವಳ ಮೇಲೆ ಅವಳಿಗೆ ಹೊಟ್ಟೆಕಿಚ್ಚಾಯಿತು.

"ಎರಡನೆಯವಳ ಬಗ್ಗೆ ಏನು ಹೇಳಿದೀರಿ?"

"ಏನೂ ಹೇಳಿಲ್ಲ."

"ಯಾಕೆ? ಅವಳಲ್ಲಿ ಹೇಳುವಂಥದ್ದು ಏನೂ ಇಲ್ವಾ?"

"ನೀನು ಮನೇಲಿದ್ಯಲ್ಲ," ಎಂದ ಅವನು, ಇದಕ್ಕಿಂತ ಸರಳವಾದ ವಿಷಯವೇ ಇಲ್ಲವೆಂಬಂತೆ.

ಅವಳು ಅವನ ಎದುರಿಗೇ ಬಂದು ನಿಂತಳು. "ಆ ವರ್ಷ ಈ ಕಡೆ ಯಾಕೆ ಬಂದ್ರಿ ನೀವು? ಅದಕ್ಕೂ ಮೊದಲು ಸೈಕಲ್ಲೇ ಇರ್ಲಿಲ್ಲ ನಿಮ್ಮ ಹತ್ರ."

"ನಿನ್ನ ಕರ್ಕೊಂಡು ಬರೋಣ ಅಂತ ತಗೊಂಡೆ."

"ಏನಂದ್ರಿ?"

"ಬಸ್ಸಲ್ಲಿ ಬಂದ್ರೆ ಬೇಗ ತಲುಪಿಬಿಡ್ತೀನಲ್ಲ. ಏನು ಹೇಳ್ಬೇಕು ಅಂತ ದಾರೀಲಿ ಯೋಚಿಸೋಣ ಅಂತ ಸೈಕಲ್ಲು. ಪ್ರತಿ ಭಾನುವಾರ ಹೊರಡ್ತಿದ್ದೆ. ಇಲ್ಲಿ ನೀರು ಕುಡಿಯೋಕೆ ನಿಲ್ತಿದ್ದೆ. ನಿನಗೆ ಅಂತ ಇಟ್ಕೊಂಡಿದ್ದು ಎಲ್ಲಾ ಅಜ್ಜಿ ಹತ್ರ ಹೇಳಿಬಿಡ್ತಿದ್ದೆ. ಹೇಳಿ ಮುಗಿದ ಮೇಲೆ ಮುಂದಕ್ಕೆ ತಗೊಂಡು ಹೋಗೋಕೆ ಏನೂ ಉಳೀತಿರ್ಲಿಲ್ಲ. ವಾಪಸ್ ಬರ್ತಿದ್ದೆ."

ಇವನು ಇಷ್ಟು ಉದ್ದದ ಮಾತನ್ನು ಒಮ್ಮೆಗೇ ಆಡಿದ್ದನ್ನು ಅವಳು ಕೇಳಿಯೇ ಇರಲಿಲ್ಲ. ಕೇಳಿಸಿಕೊಂಡದ್ದನ್ನು ಎಲ್ಲಿಡಬೇಕೆಂದು ತೋಚದೆ ಸುತ್ತ ನೋಡಿದಳು. ಪೆಟ್ಟಿಗೆಗಳು ಗುಂಯ್‌ಗುಡುತ್ತಲೇ ಇದ್ದವು. ತಾನು ಕುರ್ಚಿ ಒರೆಸುತ್ತ ಬಾಗಿಲು ನೋಡುತ್ತಿದ್ದ ಭಾನುವಾರಗಳಲ್ಲಿ ಇವನು ಗುಡ್ಡ ಹತ್ತಿ ಇಳಿದು ಇಲ್ಲಿಯವರೆಗೆ ಬಂದಿದ್ದ. ಇಲ್ಲಿಯವರೆಗೆ ಮಾತ್ರ. ಅದಕ್ಕೆ ಸಂತೋಷಪಡಬೇಕೋ, ಇನ್ನೂ ಹೆಚ್ಚು ಸಿಟ್ಟಾಗಬೇಕೋ?

"ನಡೀರಿ, ಅಜ್ಜಿಗೆ ಹೇಳಿ."

"ಈಗಾ?"

"ಈಗಲೇ. ನಾನು ಹೇಳಲ್ಲ. ನೀವೇ ಹೇಳ್ಬೇಕು."

ಒಳಗೆ ಅಜ್ಜಿ ಬಾಟಲಿಗೆ ಜೇನು ಸುರಿಯುತ್ತಿದ್ದಳು. ಅವನು ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡ. "ಅಜ್ಜೀ, ಇವಳೇ ಅವಳು."

"ಗೊತ್ತಪ್ಪಾ, ಇವಳೇ ಅವಳು ಅಂದ್ಕೊಂಡು ಬಾಳ್ಬೇಕು. ಬೇರೆ ಅನ್ನೋ ಭೇದ ಬೇಡ."

"ಹಾಗಲ್ಲ ಅಜ್ಜೀ. ಅವಳು ಸತ್ತಿರ್ಲಿಲ್ಲ. ಅಕ್ಕನ ಮನೆಗೆ ಹೋಗಿದ್ಲು. ನಾನು ಮತ್ತೆ ಮದುವೆ ಆಗಿಲ್ಲ. ಇದ್ದವಳು ಒಬ್ಬಳೇ."

ಜೇನಿನ ಎಳೆ ಬಾಟಲಿಯ ಬಾಯಿ ಬಿಟ್ಟು ಮೇಜಿನ ಮೇಲೆ ಬಿತ್ತು. ಅಜ್ಜಿ ಪಾತ್ರೆ ಕೆಳಗಿಟ್ಟಳು. ಅವನನ್ನು ನೋಡಿದಳು. ಅವಳ ಹತ್ತಿರ ಬಂದು, ಮೊದಲು ಹಿಡಿದಂತೆಯೇ ಮತ್ತೆ ಮುಖ ಹಿಡಿದು, ಈ ಸಲ ಯಾರನ್ನೋ ಹುಡುಕುವಂತೆ ನೋಡಿದಳು.

"ಹಾಗಾದ್ರೆ ನಾನು ಅತ್ತಿದ್ದು ಯಾರಿಗೆ?" ಎಂದಳು.

ಗಂಡ ಮೇಜಿನ ಮೇಲೆ ಹರಡುತ್ತಿದ್ದ ಜೇನನ್ನು ಬೆರಳಿಂದ ಒರೆಸತೊಡಗಿದ.

"ಬೇಸಿಗೇಲಿ ಹೊಳೆ ಬತ್ತಿದಾಗ ಕೂಡ ಕೊಡ ಹೊತ್ತು ನೀರು ಹಾಕಿದೀನಿ ಆ ಗಿಡಕ್ಕೆ. ಪಾಪ, ಇಷ್ಟು ಒಳ್ಳೆ ಹೆಣ್ಣು, ಬಾಳಿ ಬದುಕೋ ವಯಸ್ಸಲ್ಲಿ ಹೋದ್ಲಲ್ಲ ಅಂತ..." ನೋಡನೋಡುತ್ತಿದ್ದಂತೆ ಅಜ್ಜಿ ಸೆರಗಿಗೆ ಮುಖ ಒತ್ತಿಕೊಂಡು ಮತ್ತೆ ಅತ್ತಳು. ಅವಳು ಅಜ್ಜಿಯನ್ನು ಹಿಡಿದುಕೊಂಡು ಬೆನ್ನು ಸವರಿದಳು. ಸವರುತ್ತ ಸವರುತ್ತ ತನ್ನ ಕಣ್ಣಲ್ಲೂ ನೀರು ಇಳಿಯಿತು. ಸತ್ತವಳಿಗಾಗಿ ಸತ್ತವಳೇ ಅಳುವುದೆಂದರೇನು? ಅಥವಾ ಅಜ್ಜಿ ಕಳೆದುಕೊಂಡ ಆ ಇನ್ಯಾವಳೋ ಒಬ್ಬಳಿಗಾಗಿಯೇ?

ಅತ್ತು ಮುಗಿದ ಮೇಲೆ ಅಜ್ಜಿ ಮೂಗು ಒರೆಸಿಕೊಂಡು ಬಾಟಲಿಯ ಮುಚ್ಚಳ ಬಿಗಿದು ಅವಳ ಕೈಗೆ ಕೊಟ್ಟಳು. "ಇದು ನಿನಗೆ. ಇವನಿಗೆ ಒಂದು ತೊಟ್ಟೂ ಕೊಡ್ಬೇಡ."

"ಕೊಡಲ್ಲ ಅಜ್ಜೀ."

"ಮುಂದಿನ ವಾರ ನೀನು ಬಾ. ಇವನು ಬೇಕಾದ್ರೆ ಹೊರಗೆ ನೊಣದ ಜೊತೆ ನಿಂತಿರ್ಲಿ." ಗಂಡ ತಲೆ ತಗ್ಗಿಸಿ "ಹೂಂ" ಎಂದ. "ಹೂಂ ಅನ್ಬೇಡ ನೀನು!" ಎಂದು ಅಜ್ಜಿ ಸಿಡಿದಳು. "ಆ ಹೂಂನಿಂದ್ಲೇ ಇಷ್ಟೆಲ್ಲಾ ಆಗಿದ್ದು."

ತೋಪು ದಾಟಿ ರಸ್ತೆಗೆ ಬಂದಾಗ ಅವನು ಮನೆಯ ಕಡೆ ಸೈಕಲ್ ತಿರುಗಿಸಿದ. ಅವಳು ತಿರುಗಿಸಲಿಲ್ಲ.

"ಅಕ್ಕನ ಪೇಟೆ ಇಲ್ಲಿಂದ ಎಷ್ಟು ದೂರ?"

"ಹೊಳೆ ದಾಟಿದ್ರೆ ಆಯ್ತು. ಆದರೆ ಈ ದಾರೀಲಿ ಹೊಳೆ ದಾಟಿ ನಾನು ಯಾವತ್ತೂ ಹೋಗಿಲ್ಲ."

"ನಡೀರಿ."

"ಯಾಕೆ?"

"ಗೊತ್ತಿಲ್ಲ. ನಡೀರಿ."

ನಿಜಕ್ಕೂ ಗೊತ್ತಿರಲಿಲ್ಲ. ಸೇತುವೆಯ ಮೇಲೆ ಗಾಳಿ ಎದುರು ಬೀಸಿತು. ಇಬ್ಬರೂ ಅಕ್ಕಪಕ್ಕದಲ್ಲಿ ಸೈಕಲ್ ತುಳಿದರು. ದಾರಿಯಲ್ಲಿ ಒಬ್ಬ ಹಣ್ಣಿನವನ ಹತ್ತಿರ ಕಿತ್ತಳೆ ಕೊಂಡು ನಿಂತಲ್ಲೇ ತಿಂದರು. ಅವನು ಸುಲಿದ ತೊಳೆಗಳನ್ನು ಅವಳ ಕೈಗೆ ಹಾಕಿ, ಸಿಪ್ಪೆಯನ್ನು ತನ್ನ ಜೇಬಿಗೆ ಹಾಕಿಕೊಂಡ. ಇದನ್ನು ಅವನು ಮೊದಲಿಂದಲೂ ಹೀಗೇ ಮಾಡುತ್ತಿದ್ದನೇ, ತಾನು ಗಮನಿಸಿರಲಿಲ್ಲವೇ ಎಂದು ಅವಳು ಎಷ್ಟು ನೆನಪಿಸಿಕೊಂಡರೂ ಹೊಳೆಯಲಿಲ್ಲ.

ಅಕ್ಕನ ಅಂಗಡಿಯ ಮುಂದೆ ಬಾಡಿಗೆ ಕುರ್ಚಿಗಳು ಒಂದರ ಮೇಲೊಂದು ಮಾಳಿಗೆಯವರೆಗೂ ಏರಿ ಕೂತಿದ್ದವು. ಅವಳು ಬೀದಿಯಲ್ಲೇ ಸೈಕಲ್ ಹಿಡಿದು ನಿಂತಳು. "ನೀವು ಹೋಗಿ ಬಾಗಿಲು ತಟ್ಟಿ."

ಅವನು ಕೂದಲು ನೀವಿಕೊಂಡ, ಶರ್ಟಿನ ಗುಂಡಿ ಮುಟ್ಟಿ ನೋಡಿಕೊಂಡ, ಹೋಗಿ ತಟ್ಟಿದ. ಅಕ್ಕ ಬಾಗಿಲು ತೆಗೆದಳು. ತಂಗಿಯ ಗಂಡನನ್ನು ಕಂಡು ಕಕ್ಕಾಬಿಕ್ಕಿಯಾಗಿ, "ಏನಾಯ್ತು? ಯಾರಿಗೇನಾಯ್ತು?" ಎಂದಳು.

"ಏನೂ ಆಗಿಲ್ಲ ಅತ್ತಿಗೆ. ಇವಳನ್ನ ಕರ್ಕೊಂಡು ಹೋಗೋಣ ಅಂತ ಬಂದೆ."

ಅಕ್ಕ ಅವನ ಹೆಗಲ ಮೇಲಿಂದ ಬಗ್ಗಿ, ಬೀದಿಯಲ್ಲಿ ಕೆಂಪು ಮುಖ ಮಾಡಿಕೊಂಡು ನಿಂತ ತಂಗಿಯನ್ನು ನೋಡಿದಳು. ಮತ್ತೆ ಅವನನ್ನು ನೋಡಿದಳು. "ಇವಳು ಇಲ್ಲಿ ಎಲ್ಲಿದ್ದಾಳೆ? ನಿನ್ನ ಜೊತೆಗೇ ಬಂದಿದಾಳಲ್ಲಪ್ಪಾ! ಬಿಸಿಲು ಏನಾದ್ರೂ ತಲೆಗೆ ಹೊಡೀತಾ?"

ಅವನು ಕದಲಲಿಲ್ಲ. ಕಿವಿಯವರೆಗೂ ಕೆಂಪಾಗಿದ್ದ. "ತಡ ಆಯ್ತು," ಎಂದ.

ಅಕ್ಕ ಅಡುಗೆಮನೆಗೆ ಕರೆದುಕೊಂಡು ಹೋಗಿ ಇಬ್ಬರಿಗೂ ಅನ್ನ ಬಡಿಸಿದಳು. ಬಡಿಸುವಾಗ ಒಂದು ಕಣ್ಣು ಅವನ ಮೇಲೇ ಇತ್ತು, ಹುಚ್ಚು ಯಾವ ಗಳಿಗೆಯಲ್ಲಿ ಕೆರಳುವುದೋ ಎಂಬಂತೆ. ಅವನು ಕೈ ತೊಳೆಯಲು ಹೋದಾಗ ತಂಗಿಯ ಕಿವಿಗೆ ಬಗ್ಗಿ ಪಿಸುಗುಟ್ಟಿದಳು: "ಏನೇ ಇದೆಲ್ಲಾ? ಜಗಳ ಆಡಿದ್ರಾ? ರಾಜಿ ಆದ್ರಾ?"

ಅವಳು ತಟ್ಟೆಯಲ್ಲಿದ್ದ ಅನ್ನ ಕಲಸುತ್ತ ಯೋಚಿಸಿದಳು. ಕಚೇರಿಯಲ್ಲಾದರೆ ಪ್ರತಿ ದೂರಿಗೂ ಒಂದು ಬಗೆ ಇರುತ್ತದೆ: ಪೈಪು, ನಲ್ಲಿ, ಮೀಟರು. ಕೊನೆಗೆ 'ಸರಿಯಾಗಿದೆ' ಅಥವಾ 'ಸರಿಯಾಗಿಲ್ಲ' ಎಂದು ಹೇಳಿ ಫೋನು ಇಡಬಹುದು. ಸಿಟ್ಟು ಇನ್ನೂ ಇತ್ತು, ಅದರಲ್ಲಿ ಅನುಮಾನವಿಲ್ಲ. ಅದರ ಪಕ್ಕದಲ್ಲೇ ಇನ್ನೇನೋ ಕೂತಿತ್ತು. ಬಹಳ ದಿನದಿಂದ ಬೀಗ ಹಾಕಿದ್ದ ಕೋಣೆಯಲ್ಲಿ ಯಾರೋ ಓಡಾಡಿದಂಥ ಸದ್ದು.

"ಗೊತ್ತಿಲ್ಲ ಕಣೇ ಅಕ್ಕಾ," ಎಂದಳು. "ನನಗೂ ಇನ್ನೂ ಪೂರ್ತಿ ಅರ್ಥ ಆಗಿಲ್ಲ. ಸ್ವಲ್ಪ ಸಾರು ಹಾಕು."